ತುಟಿ ಓದುವವಳ ಸಾಕ್ಷಿ

ಮಾರ್ಚ್ ೧೭, ಭಾನುವಾರ ಬೆಳಗ್ಗೆ

ಪ್ರೀತಿಯ ಗುಬ್ಬಿ,

ನಿನ್ನ ಬಾಯಿಬಡುಕಿಯ ಅಪ್ಪುಗೆ, ನಮಸ್ಕಾರ, ಜೊತೆಗೆ ನಾಲ್ಕು ಬೈಗುಳ. ಹೇಗಿದ್ದೀಯೆ? ಮಂಡಿ ನೋವು ಕಡಿಮೆಯಾಯಿತೇ? ನಿನ್ನ ತಮ್ಮನ ಮನೆ ಮೂರನೇ ಮಹಡಿಯಲ್ಲಿದೆ ಎಂದಿದ್ದೆ. ಸುಮ್ಮಸುಮ್ಮನೆ ಹತ್ತಿ ಇಳಿದು ಇರುವ ಕಾಲನ್ನೂ ಹಾಳು ಮಾಡಿಕೊಳ್ಳಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಕಿವಿಯೊಂದನ್ನು ಬಿಟ್ಟು.

ಕಾಗದ ತಡವಾಯಿತು, ತಪ್ಪು ನನ್ನದೇ. ಅಲ್ಲ, ಅರ್ಧ ನಿನ್ನದು. ನೀನು ಊರು ಬಿಟ್ಟು ನಾಲ್ಕು ತಿಂಗಳಾಯಿತು. ಮೊದಲು ಅವಳೇ ಬರೆಯಲಿ ಎಂದು ಕಾದೆ. ಬರೆಯಲಿಲ್ಲವಲ್ಲ ಎಂದು ಸಿಟ್ಟಾದೆ. ಸಿಟ್ಟು ಇಳಿದ ಮೇಲೆ ಸೋಮಾರಿತನ ಬಂದು ಕೂತಿತು. ‘ವಿಡಿಯೊ ಕರೆ ಮಾಡಮ್ಮಾ, ಒಂದು ನಿಮಿಷದ ಕೆಲಸ’ ಎಂದು ಮಗಳು ದಿನಾ ತಲೆ ತಿನ್ನುತ್ತಾಳೆ. ಫೋನಿನ ಗಾಜಿನ ಮುಂದೆ ನೀನು ಮುಸುಕು ಎತ್ತುವವಳೇ? ಮೆಸೇಜು ಕಳಿಸಿದರೆ ನಿನ್ನ ತಮ್ಮನ ಫೋನಿಗೆ ಹೋಗುತ್ತದೆ, ಮನೆಯವರೆಲ್ಲ ಸುತ್ತ ಕೂತು ಓದುತ್ತಾರೆ. ನನ್ನ ಬೈಗುಳ ನಿನಗೊಬ್ಬಳಿಗೇ ಸೇರಬೇಕು. ಅದಕ್ಕೇ ಈ ಕಾಗದ.

ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ, ಹೇಳಿಬಿಡುತ್ತೇನೆ. ಗೆದ್ದೆವು ಕಣೇ! ಮುಖ ಮುಚ್ಚಿಕೊಂಡವರು ಬಸ್ಸು ಹತ್ತಬಾರದು, ಮಾರುಕಟ್ಟೆಗೆ ಬರಬಾರದು, ಆಸ್ಪತ್ರೆಗೆ, ಗಿರಣಿಯ ಗೇಟಿಗೆ ಕಾಲಿಡಬಾರದು ಎಂಬ ಆ ಹಾಳು ನಿಯಮ ನಿನ್ನೆ ಪುರಭವನದ ಸಭೆಯಲ್ಲಿ ಬಿದ್ದುಹೋಯಿತು! ‘ಅದು ಬಂದ್ರೆ ನಾನು ಮನೆ ಹೊಸ್ತಿಲು ದಾಟೋ ಹಾಗಿಲ್ಲ, ತಮ್ಮನ ಊರಲ್ಲೇ ಇದ್ದುಬಿಡ್ತೀನಿ. ಬರ್ಲಿಲ್ಲ ಅಂದ್ರೆ ವಾಪಸ್ ಬರ್ತೀನಿ’ ಎಂದು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದೆಯಲ್ಲ, ಬರಲಿಲ್ಲ ನೋಡು! ಬೀಳಿಸಿದವರಲ್ಲಿ ನಾನೂ ಒಬ್ಬಳು. ನಿನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿ ಹೋಯಿತು, ಮಗಳು ಬೈದಳು, ಬೈಯಲಿ ಬಿಡು.

ಮೊದಲಿನಿಂದ ಹೇಳುತ್ತೇನೆ. ಸಭೆಗೆ ಮುಂಚಿನ ವಾರ ನಗರಸಭೆಯ ವಕೀಲರು ನಮ್ಮ ಮನೆಗೇ ಬಂದರು. ಆ ನಿಯಮವನ್ನು ಬರೆದವರು ಅವರೇ ಅಲ್ಲವೇ. ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದ ತುಂಬ ನಗು. ಕಿವುಡರ ಹತ್ತಿರ ಹೀಗೆ ಮಾತಾಡಬೇಕೆಂದು ಯಾರು ಹೇಳಿಕೊಟ್ಟಿದ್ದರೋ, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ ಬಾಯಿ ಅಗಲಿಸಿ ಒಂದೊಂದೇ ಅಕ್ಷರ ಹೊರಗೆ ಹಾಕಿದರು. ಹಾಗೆ ಮಾಡಿದರೆ ಒಂದೂ ತಿಳಿಯುವುದಿಲ್ಲ ಎಂದು ನಿನಗೆ ಗೊತ್ತಲ್ಲ. ‘ಸ್ವಾಮಿ, ನಿಮ್ಮ ಹೆಂಡ್ತಿ ಹತ್ರ ಮಾತಾಡೋ ಹಾಗೆ ಮಾತಾಡಿ’ ಅಂದೆ. ಆಮೇಲೆ ಎಲ್ಲ ತಿಳಿಯಿತು. ತೆಳು ತುಟಿ, ಮೀಸೆ ಇಲ್ಲ. ಓದಲು ಅಂಥ ಮುಖ ಸಿಗುವುದು ಅಪರೂಪ.

ಅವರಿಗೆ ನನ್ನ ಆಸ್ಪತ್ರೆಯ ಕಥೆ ಯಾರೋ ಹೇಳಿದ್ದರು. ಅದು ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ನಡೆದದ್ದು. ಕಣ್ಣು ತೋರಿಸಲು ಹೋಗಿದ್ದೆ. ಬಾಗಿಲಲ್ಲಿ ನಿಂತ ನರ್ಸ್ ಮಾಸ್ಕ್ ಹಾಕಿಕೊಂಡು ಹೆಸರು ಕೂಗುತ್ತಿದ್ದಳು. ನನ್ನ ಹೆಸರು ಯಾವಾಗ ಬಂತೋ, ಯಾವಾಗ ಹೋಯಿತೋ. ಬೆಳಗ್ಗೆ ಹೋದವಳು ಸಂಜೆಯವರೆಗೆ ಕೂತೇ ಇದ್ದೆ. ನೆಲ ಒರೆಸುವವಳು ಬಂದು ಕಾಲು ಎತ್ತಿ ಎಂದು ಕೈಸನ್ನೆ ಮಾಡಿದಾಗಲೇ ಎಲ್ಲರೂ ಮನೆಗೆ ಹೋಗಿದ್ದಾರೆಂದು ಗೊತ್ತಾದದ್ದು. ಮನೆಗೆ ಬಂದು ಗೊಳೋ ಎಂದು ಅತ್ತೆ ಗುಬ್ಬಿ, ಸುಳ್ಳು ಹೇಳುವುದಿಲ್ಲ.

‘ಅಮ್ಮಾ, ಇದನ್ನೇ ಸಭೇಲಿ ಹೇಳಿ. ಮುಖ ಮುಚ್ಚಿದ್ರೆ ನಿಮ್ಮಂಥವ್ರ ಪಾಡೇನು ಅಂತ ಜನಕ್ಕೆ ಗೊತ್ತಾಗ್ಲಿ’ ಎಂದರು ವಕೀಲರು. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ಬೈಯಬೇಡ, ಅವರ ಮಾತು ನನಗೆ ಹಿಡಿಸಿತು. ನನ್ನ ಕಷ್ಟವನ್ನು ಅಷ್ಟು ಹೊತ್ತು ಕೂತು ಕೇಳಿದವರು ಬೇರೆ ಯಾರಿದ್ದರು? ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಅವರು ಹೋದ ಮೇಲೆ ಮಗಳು, ‘ಈ ನಿಯಮ ಬಂದ್ರೆ ನಿನಗೆ ಒಳ್ಳೇದೇ ಅಲ್ವೇನಮ್ಮಾ?’ ಎಂದಳು. ‘ಒಳ್ಳೇದೇ’ ಅಂದೆ. ‘ಮತ್ಯಾಕೆ ಮುಖ ಸಪ್ಪಗಾಗಿದೆ?’ ‘ಗುಬ್ಬಿ ಬರಲ್ಲ ಕಣೇ’ ಅಂದೆ. ಅವಳು ಎದ್ದು ಹೋಗಿ ಹಣ್ಣು ತೊಳೆದಳು.

ಸಭೆಯ ದಿನ ಪುರಭವನದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ವಕೀಲರು ನನ್ನನ್ನೂ ಮಗಳನ್ನೂ ಮುಂದಿನ ಸಾಲಿನಲ್ಲೇ ಕೂರಿಸಿದರು. ವೇದಿಕೆಯ ಮೇಲೆ ನಗರಸಭೆಯ ಸದಸ್ಯರು, ನಡುವೆ ಅಧ್ಯಕ್ಷರು, ಅವರ ಪಕ್ಕ ವಕೀಲರು. ಮಾತಾಡುವವರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ನಮ್ಮ ಕಡೆ ಮುಖ ಮಾಡಿ ನಿಂತರು. ಮೊದಲು ಎದ್ದವನು ಬಟ್ಟೆ ಅಂಗಡಿಯ ಮಾಲೀಕ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದವರು ಅವನ ಗಲ್ಲಾಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರಲ್ಲ, ಅಲ್ಲಿಂದಲೇ ಇದೆಲ್ಲ ಶುರುವಾದದ್ದು. ‘ನನ್ನ ಕುತ್ತಿಗೆಗೆ ಚಾಕು ಇಟ್ಟೋನು ದಿನಾ ನನ್ನೆದುರಿಗೇ ಓಡಾಡ್ತಿದ್ರೂ ನನಗೆ ಗೊತ್ತಾಗಲ್ಲ’ ಎಂದ. ಹೇಳುವಾಗ ಅವನ ತುಟಿ ನಡುಗುತ್ತಿತ್ತು. ಅವನ ಹೆದರಿಕೆ ನಾಟಕವಲ್ಲ, ನಾನು ನೋಡಿದೆ.

ಆಮೇಲೆ ಎದ್ದವನು ಯಾರು ಹೇಳು? ಆಟಿಕೆ ಅಂಗಡಿಯ ಮುಂದೆ ಕರಡಿ ವೇಷ ಹಾಕಿಕೊಂಡು ಮಕ್ಕಳಿಗೆ ಕೈ ಬೀಸುತ್ತಾನಲ್ಲ, ಅವನು! ಕೆಲಸದಿಂದ ನೇರವಾಗಿ ಬಂದಿದ್ದ. ಮೈಯೆಲ್ಲ ಕರಡಿ, ತಲೆ ಮಾತ್ರ ಕಂಕುಳಲ್ಲಿ. ‘ಸಾರ್, ನಾನೂ ಬೀದೀಲಿ ಮುಖ ಮುಚ್ಕೊಂಡೇ ಇರೋನು. ನನ್ನೂ ಹಿಡೀತೀರಾ?’ ಎಂದ. ವಕೀಲರು, ‘ನಿಂದು ಹೊಟ್ಟೆಪಾಡು ಕಣಯ್ಯ, ಅದು ಬೇರೆ’ ಎಂದರು. ‘ಹಂಗಾದ್ರೆ ಕರಡಿ ಮುಖ ಹಾಕ್ಕೊಂಡ್ರೆ ಪರವಾಗಿಲ್ಲ, ಬಟ್ಟೆ ಹಾಕ್ಕೊಂಡ್ರೆ ತಪ್ಪು, ಹಂಗೇನಾ?’ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಭೆಯೆಲ್ಲ ನಗುತ್ತಿದ್ದದ್ದು ನನ್ನ ಕುರ್ಚಿ ಅದುರಿದ್ದರಲ್ಲೇ ಗೊತ್ತಾಗುತ್ತಿತ್ತು.

ನಗು ನಿಲ್ಲಿಸಿದವಳು ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿರುವ ಹುಡುಗಿ. ನಿಮ್ಮ ಪೈಕಿಯವಳೇ, ಈಗ ಬರಿ ಮುಖದಲ್ಲಿ ಓಡಾಡುತ್ತಾಳೆ. ‘ನನಗೆ ಹದಿಮೂರು ವರ್ಷ ಆದಾಗ ಮುಸುಕು ಹಾಕಿಸಿದ್ರು. ಬೇಕಾ ಅಂತ ಒಬ್ರೂ ಕೇಳ್ಲಿಲ್ಲ. ತೆಗೀತೀನಿ ಅಂದಿದ್ದಕ್ಕೆ ಮನೆ ಬಿಟ್ಟು ಬರ್ಬೇಕಾಯ್ತು. ಇಂಥ ನಿಯಮ ಆಗ್ಲೇ ಇದ್ದಿದ್ರೆ ನನ್ನ ಕಡೆಗೂ ಯಾರೋ ಇದಾರೆ ಅಂತ ಅನ್ನಿಸ್ತಿತ್ತು’ ಎಂದಳು. ಅವಳು ಅಳಲಿಲ್ಲ. ಇವಳಿಗೆ ಏನು ಉತ್ತರ ಹೇಳುವುದು ಎಂದು ಚೀಲದ ಹಿಡಿ ತಿರುವುತ್ತ ಕೂತೆ.

ಅವಳ ಮೇಲೆ ಎದ್ದವಳು ನಿನ್ನ ಹಾಗೇ ಮುಸುಕು ಹಾಕಿದವಳು. ನಿನ್ನ ಪರವಾಗಿ ಮಾತಾಡಲು ಎದ್ದವಳ ಮಾತೇ ನನಗೆ ಒಂದಕ್ಷರವೂ ತಿಳಿಯಲಿಲ್ಲ ನೋಡು! ಬಟ್ಟೆ ಅಲುಗುತ್ತದೆ, ಕೈ ಆಡುತ್ತದೆ, ಅಷ್ಟೇ. ಮಗಳು ನನ್ನ ಕಡೆ ತಿರುಗಿ ತುಟಿಯಲ್ಲಿ ಹೇಳಿದಳು: ‘ನಾನೇ ಇಷ್ಟಪಟ್ಟು ಹಾಕ್ಕೊಂಡಿದೀನಿ. ನನ್ನನ್ನ ಬಿಡಿಸೋಕೆ ಹೊರಟೋರು ಬೇಕಾ ಅಂತ ಒಂದು ಮಾತು ಕೇಳ್ಬೇಡ್ವಾ, ಅಂತಿದಾರಮ್ಮ.’ ಆಗ ತಲೆಗೆ ಹೊಳೆಯಿತು. ಹಾಕಿಸಿಕೊಂಡವಳ ದೂರೂ ಅದೇ, ಹಾಕಿಕೊಂಡವಳ ದೂರೂ ಅದೇ. ಇಬ್ಬರನ್ನೂ ಯಾರೂ ಕೇಳಿಲ್ಲ.

ಈಗ ಬಂತು ನೋಡು ಮಜಾ. ಯಾರೋ ನೀರಿನ ಲೋಟ ಹಂಚುತ್ತಿದ್ದರು, ಸ್ವಲ್ಪ ಗಲಾಟೆ. ವಕೀಲರು ಮೈಕನ್ನು ಪಕ್ಕಕ್ಕೆ ತಿರುಗಿಸಿ ಅಧ್ಯಕ್ಷರ ಕಿವಿಗೆ ಬಾಗಿದರು. ಗುಟ್ಟು ಹೇಳುವವರು ದನಿ ಇಳಿಸುತ್ತಾರೆ, ತುಟಿ ಇಳಿಸುತ್ತಾರೆಯೇ? ಗಿರಣಿಯಲ್ಲಿ ನಾವಿಬ್ಬರೂ ಶೆಡ್ಡಿನ ಆ ತುದಿಯಲ್ಲಿ ನಿಂತ ಮೇಸ್ತ್ರಿಯಮ್ಮ ಯಾರಿಗೆ ಏನು ಬೈಯುತ್ತಾಳೆಂದು ಇಲ್ಲಿಂದಲೇ ಓದುತ್ತಿದ್ದವರು. ನಾಲ್ಕು ಮಾರು ದೂರದ ವಕೀಲರು ಯಾವ ಲೆಕ್ಕ? ‘ಆ ಕಿವುಡಿ ಮುದುಕೀನ ಈಗ ಹತ್ತಿಸೋಣ. ಎರಡು ಹನಿ ಕಣ್ಣೀರು ಹಾಕಿದ್ರೆ ಮುಗೀತು, ಎಲ್ರೂ ಕೈ ಎತ್ತಿಬಿಡ್ತಾರೆ’ ಎಂದರು. ಅಧ್ಯಕ್ಷರು ಏನೋ ಕೇಳಿದರು. ಅವರ ಮೀಸೆ ತುಟಿಯ ಮೇಲೆ ಸೂರಿನ ಹಾಗೆ ಇಳಿದಿದೆ, ತಿಳಿಯಲಿಲ್ಲ. ವಕೀಲರು ನಕ್ಕು, ‘ಇಲ್ಲ ಬಿಡಿ, ಎಲ್ಲ ಬರ್ಕೊಟ್ಟಿದೀನಿ. ಅವಳ ಜೊತೆ ಒಬ್ಳು ಮುಸುಕಿನವಳು ಇದ್ಳು, ಊರು ಬಿಟ್ಟು ತೊಲಗಿದ್ಳು, ಒಳ್ಳೇದೇ ಆಯ್ತು’ ಎಂದರು.

ತೊಲಗಿದಳಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಮುದುಕಿ ಎಂದದ್ದನ್ನೂ ಮನ್ನಿಸಬಹುದಿತ್ತು, ಹಣ್ಣು ಚೆನ್ನಾಗಿತ್ತು. ನಿನ್ನನ್ನು ತೊಲಗಿದಳು ಎಂದದ್ದನ್ನು ಬಿಡುವುದುಂಟೇ?

ಕರೆದರು, ಹತ್ತಿದೆ. ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನವರೆಲ್ಲ ಕಿವಿ ಮುಚ್ಚಿಕೊಂಡರು. ಮೈಕಿನಿಂದ ದೂರ ನಿಲ್ಲಿ ಎಂದು ಒಬ್ಬ ಓಡಿ ಬಂದು ಸನ್ನೆ ಮಾಡಿದ. ಮಗ್ಗದ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು, ನಾನೇನು ಮಾಡಲಿ? ಹಾಳೆಯನ್ನು ಚೀಲದಿಂದ ತೆಗೆದು ವಕೀಲರ ಕೈಗೇ ಕೊಟ್ಟೆ. ‘ತಗೊಳ್ಳಿ ಸ್ವಾಮಿ. ಕಿವುಡಿ ಮುದುಕಿ ಎರಡು ಹನಿ ಕಣ್ಣೀರು ಹಾಕಲ್ಲ. ಊರು ಬಿಟ್ಟು ತೊಲಗಿದವಳ ಗೆಳತಿ ನಾನು’ ಅಂದೆ. ಅವರ ಮುಖ ಬಿಳುಚಿಕೊಂಡಿತು. ‘ನೀವು ಬಾಯಿಗೆ ಒಂದು ಬಟ್ಟೆ ಅಡ್ಡ ಹಿಡಿದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ, ಪಾಪ’ ಎಂದೂ ಸೇರಿಸಿದೆ. ಕರಡಿಯವನು ಎದ್ದು ನಿಂತು ಎರಡೂ ಪಂಜ ಬಡಿದ. ಜನ ಕುರ್ಚಿಯ ಮೇಲೆ ಹತ್ತಿ ನಿಂತರು!

ಆಮೇಲೆ ಏನು ಹೇಳಿದೆ ಎಂದು ಎಲ್ಲ ನೆನಪಿಲ್ಲ, ಮಗಳನ್ನು ಕೇಳಿ ಬರೆಯುತ್ತಿದ್ದೇನೆ. ‘ಮುಖ ಮುಚ್ಚಿದ್ರೆ ನನಗೆ ಕಷ್ಟ ಆಗುತ್ತೆ, ಅದು ನಿಜ’ ಅಂದೆ. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಕೂತ ಕಥೆಯನ್ನೂ ಹೇಳಿದೆ. ‘ಆದ್ರೆ ನನಗೆ ಕಷ್ಟ ಆಗುತ್ತೆ ಅಂತ ಒಬ್ಬಳನ್ನ ಬಸ್ಸಿಂದ ಇಳಿಸ್ಬೇಡಿ. ನಾವಿಬ್ರೂ ಹೆಂಗಸರ ಶೆಡ್ಡಲ್ಲಿ ಪಕ್ಕಪಕ್ಕದ ಮಗ್ಗದೋರು. ಅಲ್ಲಿ ಅವಳು ಮುಸುಕು ತೆಗೆದಿಡೋಳು. ಮಗ್ಗ ಶುರುವಾದ್ರೆ ಯಾರಿಗೂ ಏನೂ ಕೇಳಲ್ಲ, ಎಲ್ಲ ತುಟೀಲೇ ಮಾತು. ನನ್ನ ಮದುವೆ ಮಾತು, ಅವಳ ಗಂಡ ತೀರಿಕೊಂಡ ಸುದ್ದಿ, ಎಲ್ಲಾ ಅಲ್ಲೇ, ಒಂದು ಸದ್ದಿಲ್ದೆ. ಪಾಳಿ ಮುಗಿದು ಹೊರಗೆ ಬಂದ್ರೆ ಮುಸುಕು. ದಾರೀಲಿ ಮಾತು ಇದ್ರೆ ನಾನು ಅವಳ ತೋಳು ಚಿವುಟ್ತಿದ್ದೆ. ಗೋದಾಮಿನ ಮೆಟ್ಟಿಲ ಕೆಳಗೆ ಹೋಗಿ, ನಾನು ಅಡ್ಡ ನಿಂತ್ಕೊಂಡು, ಅವಳು ಬಟ್ಟೆ ಎತ್ತಿ ಹೇಳಿ, ಮತ್ತೆ ಇಳಿಸ್ತಿದ್ಳು. ಇಪ್ಪತ್ತೈದು ವರ್ಷ ಹಾಗೇ ನಡೀತು. ಯಾವ ನಗರಸಭೆ ನಿಯಮ ಮಾಡಿತ್ತು? ನಾನು ಕೇಳ್ದೆ, ಅವಳು ಎತ್ತಿದ್ಳು.’

ಇಷ್ಟು ಹೇಳಿ ಹೊಲಿಗೆಯ ಹುಡುಗಿಯ ಕಡೆ ತಿರುಗಿದೆ. ‘ನಿನಗೆ ಆಗಿದ್ದು ಅನ್ಯಾಯ ಮಗಳೇ. ಆದ್ರೆ ಈ ನಿಯಮ ಬಂದ್ರೆ ನಿನ್ನಂಥ ಇನ್ನೊಬ್ಬ ಹುಡುಗೀನ ಅವಳ ಮನೆಯೋರು ಬಸ್ಸಿಗೂ ಕಳಿಸಲ್ಲ. ಅವಳು ನಿನ್ನ ಅಂಗಡಿವರೆಗೆ ಹೇಗೆ ಬರ್ತಾಳೆ?’ ಅವಳು ಯೋಚಿಸಿ, ‘ಅದೂ ನಿಜ ಅಮ್ಮಾ. ಆದ್ರೂ ನನ್ನ ಕೋಪ ಹೋಗಲ್ಲ’ ಎಂದಳು. ‘ಹೋಗೋದು ಬೇಡ, ಇಟ್ಕೋ’ ಅಂದೆ. ಕೊನೆಗೆ, ‘ಮುಖ ಕಾಣ್ದೆ ಇರೋದೇ ತಪ್ಪು ಅನ್ನೋದಾದ್ರೆ ಮೊದ್ಲು ಅಧ್ಯಕ್ಷರ ಮೀಸೆ ಬೋಳಿಸಿ. ಅವರ ಒಂದು ಮಾತೂ ಇವತ್ತಿನವರೆಗೆ ನನಗೆ ತಿಳಿದಿಲ್ಲ’ ಎಂದು ಇಳಿದು ಬಂದೆ. ಅಧ್ಯಕ್ಷರು ಮೀಸೆ ಮುಟ್ಟಿ ನೋಡಿಕೊಂಡರು, ನಕ್ಕರು ಕೂಡ, ದೊಡ್ಡ ಮನುಷ್ಯ.

ಸದಸ್ಯರು ಕೈ ಎತ್ತಿದರು. ನಿಯಮ ಬೇಡ ಎನ್ನುವ ಕಡೆಗೆ ಒಂದೇ ಒಂದು ಕೈ ಹೆಚ್ಚು! ಬಸ್ಸು, ಬೀದಿ, ಮಾರುಕಟ್ಟೆ, ಗಿರಣಿ, ಎಲ್ಲೂ ತಡೆಯಿಲ್ಲ. ಬ್ಯಾಂಕಿನಲ್ಲಿ, ಪರೀಕ್ಷೆಯಲ್ಲಿ ಮಾತ್ರ ಒಂದು ಮರೆಯಲ್ಲಿ ಹೆಂಗಸೊಬ್ಬಳಿಗೆ ಒಂದು ಸಲ ಮುಖ ತೋರಿಸಬೇಕು. ಅದಕ್ಕೆ ನೀನು ಒಪ್ಪುತ್ತೀಯೆ, ನನಗೆ ಗೊತ್ತು. ಆಸ್ಪತ್ರೆಯಲ್ಲಿ ಹೆಸರು ಕೂಗುವ ಬದಲು ಹಲಗೆಯ ಮೇಲೆ ಬರೆದು ತೋರಿಸಬೇಕು ಎಂದೂ ಆಯಿತು. ಅದು ನನ್ನ ಪಾಲಿನ ಗೆಲುವು. ಬಟ್ಟೆ ಅಂಗಡಿಯವನು ಮಾತ್ರ ತಲೆ ತಗ್ಗಿಸಿ ಹೋದ. ಅವನಿಗಾಗಿ ಬೇಸರವಾಯಿತು, ಅವನ ಬೀದಿಗೆ ರಾತ್ರಿ ಕಾವಲುಗಾರನನ್ನು ಹಾಕಿ ಎಂದು ಅಧ್ಯಕ್ಷರಿಗೆ ಹೇಳಿ ಬಂದೆ. ಇವತ್ತು ಬೆಳಗ್ಗೆ ಹಾಲಿನ ಅಂಗಡಿಯ ಮುಂದೆ ವಕೀಲರು ಸಿಕ್ಕಿದರು. ನನ್ನನ್ನು ಕಂಡದ್ದೇ ತಡ, ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡು ಪಕ್ಕದವರ ಹತ್ತಿರ ಮಾತು ಮುಂದುವರಿಸಿದರು! ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಇನ್ನೇನು ಬೇಕು, ಗಂಟುಮೂಟೆ ಕಟ್ಟು. ನಿನ್ನ ಮಗ್ಗಕ್ಕೆ ಹೊಸ ಹುಡುಗಿಯನ್ನು ಹಾಕಿದ್ದಾರೆ. ಕೆಲಸ ಚುರುಕು, ಆದರೆ ತುಟಿ ಅಲುಗಿಸದೆ ಮಾತಾಡುತ್ತಾಳೆ, ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ‘ಅವಳು ಬಂದ್ರೆ ಅವತ್ತೇ ಜಾಗ ಕೊಡ್ತೀನಿ’ ಎಂದು ಮೇಸ್ತ್ರಿಯಮ್ಮ ಮಾತು ಕೊಟ್ಟಿದ್ದಾಳೆ. ನಮ್ಮ ಹಿಂದಿನ ಕೋಣೆ ಸುಣ್ಣ ಬಳಿಸಿ ಇಟ್ಟಿದ್ದೇನೆ. ಮೆಟ್ಟಿಲಿಲ್ಲ, ನಿನ್ನ ಮಂಡಿಗೂ ಸುಖ.

ನಿನ್ನ ತಮ್ಮ, ನಾದಿನಿಗೆ ನನ್ನ ನಮಸ್ಕಾರ ಹೇಳು. ಮನೆಯ ಮಕ್ಕಳು ನೂರು ವರ್ಷ ಬಾಳಲಿ, ನಿನ್ನ ಕಾಲಿಗೆ ಬಲ ಬರಲಿ, ನಿನ್ನ ಹಟ ಸ್ವಲ್ಪ ಕಡಿಮೆಯಾಗಲಿ ಎಂದು ಹರಸುವ,

ನಿನ್ನ ಪಕ್ಕದ ಮಗ್ಗದ
ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಸಭೆಯಲ್ಲೂ ಇದೊಂದನ್ನು ಹೇಳಲಿಲ್ಲ. ನೀನು ಹೊರಟ ದಿನ ಬಸ್ಸು ತುಂಬ ಗಂಡಸರು, ನೀನು ಮುಸುಕು ಎತ್ತುವ ಹಾಗಿರಲಿಲ್ಲ. ಕಿಟಕಿಯಿಂದ ಬಗ್ಗಿ ಏನೋ ಹೇಳಿದೆ. ಬಟ್ಟೆ ತುಂಬ ಹೊತ್ತು ಅಲುಗಿತು. ಆಮೇಲೆ ನಿಂತಿತು, ನೀನು ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದೆ. ‘ತಿಳಿಯಲಿಲ್ಲ, ನನ್ನ ಅಂಗೈಯಲ್ಲಿ ಬರೆದು ತೋರಿಸು’ ಎನ್ನಬೇಕಿತ್ತು. ಎಲ್ಲರೆದುರು ಇನ್ನೊಮ್ಮೆ ಕಿವುಡಿಯಾಗಲು ಮನಸ್ಸಾಗಲಿಲ್ಲ. ನಕ್ಕು, ಜೋರಾಗಿ ಹೂಂ ಎಂದು ತಲೆಯಾಡಿಸಿಬಿಟ್ಟೆ. ನೀನು ನನ್ನ ಕೈ ಹಿಡಿದು ಒತ್ತಿದೆ, ಬಸ್ಸು ಹೊರಟಿತು. ಅಂದಿನಿಂದ ನಿನ್ನ ಕಾಗದವಿಲ್ಲ.

ಏನು ಕೇಳಿದೆ ಗುಬ್ಬಿ? ನನ್ನ ಜೊತೆ ಬಂದು ಇರ್ತೀಯಾ ಎಂದೆಯಾ? ಬರುತ್ತೇನೆ ಎಂದು ನಾನು ಹೇಳಿದ ಹಾಗಾಗಿ, ನಾಲ್ಕು ತಿಂಗಳಿಂದ ಬಾಗಿಲು ನೋಡುತ್ತ ಕೂತಿದ್ದೀಯಾ? ಇಲ್ಲ, ನನ್ನನ್ನು ಮರೆತುಬಿಡು ಎಂದೆಯಾ, ಅದಕ್ಕೂ ನಾನು ನಗುತ್ತ ಹೂಂ ಅಂದೆನಾ? ಅವತ್ತು ಹೇಳಿದ್ದನ್ನೇ ಒಂದಕ್ಷರ ಬಿಡದೆ ಬರೆದು ಕಳಿಸು. ನಾನು ಇನ್ನೂ ಅದಕ್ಕೆ ಉತ್ತರ ಕೊಟ್ಟಿಲ್ಲ.